ಬಂಡೆಯ ಬುಡದ ಗಡಿಗೆಗಳು

…ಅದೂ ಒಂದು ಊರು ಇದ್ದ ಹಾಗೆ, ಬಸ್ಸೊಂದು ಇಲ್ಲ ಅಷ್ಟೆ. ನಾನಿರುವ ಕಾಲದ ಬಗ್ಗೆ ನಿಮ್ಮ ಗಂಡ ಹೇಳಿದ್ದು ಹೀಗೇ ಇರಬೇಕು. ಬಸ್ಸು ಎಂದನೋ, ದಾರಿ ಎಂದನೋ, ಈಗ ಖಚಿತವಿಲ್ಲ. ಬಸ್ಸು ಎಂದರೇನು ಎಂದು ನಾನು ಕೇಳಿದ್ದು, ಅವನು ನಕ್ಕಿದ್ದು ಮಾತ್ರ ನೆನಪಿದೆ. ನಕ್ಕ ಮೇಲೆ ವಿವರಿಸಿದ: ಗುರುತಿಲ್ಲದವರು ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಿದ್ದೆ ಮಾಡುವ ಗಾಡಿ. ಆ ವಿವರಣೆಯಿಂದಲೇ ನನಗೆ ಅವನ ಮೇಲೆ ಮನಸ್ಸಾಯಿತು ಎಂದರೆ ನಿಮಗೆ ನಗು ಬರಬಹುದು. ನಗಿರಿ. ಈ ಪತ್ರದಲ್ಲಿ ನೀವು ನಗಬಹುದಾದ ಜಾಗ ಮುಂದೆ ಹೆಚ್ಚಿಲ್ಲ.

ಹೊಸ ಎಣಿಕೆ ೨೦೯, ಎರಡನೆಯ ಬೇಸಿಗೆ, ಗಾಳಿ ತಿರುಗಿದ ವಾರ. ನಿಮ್ಮ ಲೆಕ್ಕದಲ್ಲಿ ಇದು ಯಾವ ದಿನವೂ ಅಲ್ಲ. ನೀವು ತೀರಿಕೊಂಡು, ನಿಮ್ಮ ಮಕ್ಕಳು ತೀರಿಕೊಂಡು, ಅವರನ್ನು ನೆನಪಿಟ್ಟುಕೊಂಡವರೂ ತೀರಿಕೊಂಡ ಬಹಳ ಕಾಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನೀಲಾಂಬಿಕಾ ಮಗ್ಗದ ಅವರೇ, ನನ್ನ ಹೆಸರು ತಂಪವ್ವ. ಈ ಹೆಸರನ್ನು ನೀವು ಮೊದಲ ಸಲ ಕೇಳುತ್ತಿಲ್ಲ ಎಂದು ನನಗೆ ಗೊತ್ತು. ನನ್ನ ಮಾತುಗಳು ಒರಟೆನಿಸಿದರೆ ಕ್ಷಮೆ ಇರಲಿ. ನಮ್ಮಲ್ಲಿ ಮಾತಾಡಿದಷ್ಟೂ ಬಾಯಿ ಒಣಗುತ್ತದೆ, ಆದ್ದರಿಂದ ನಾವು ಪದಗಳನ್ನು ತಿಕ್ಕಿ ತೊಳೆದು ಬಳಸುವ ಅಭ್ಯಾಸವನ್ನು ಬಿಟ್ಟಿದ್ದೇವೆ.

ನಿಮ್ಮನ್ನು ಬಹುವಚನದಲ್ಲಿ ಕರೆಯುತ್ತಿರುವುದನ್ನು ಗೌರವ ಎಂದು ತಿಳಿಯಬೇಡಿ. ಬದುಕಿರುವವರಿಗೆಲ್ಲ ನಾವು ನೀನು ಎನ್ನುತ್ತೇವೆ, ತೊಟ್ಟಿಲ ಕೂಸಿಗೂ, ಊರಿನ ಹಿರಿಯರಿಗೂ. ನೀವು ಎಂಬುದು ಸತ್ತವರಿಗೆ ಮೀಸಲು. ನಿಮ್ಮ ಗಂಡನಿಗೂ ಮೊದಮೊದಲು ಹಾಗೆಯೇ ಬರೆಯುತ್ತಿದ್ದೆ. ಕಾರಣ ಹೇಳಿದಾಗ ಬೆಚ್ಚಿಬಿದ್ದ. “ಏ, ಸತ್ತವರನ್ನ ಕರದಂಗ ಕರೀಬ್ಯಾಡ ಮಾರಾಯ್ತಿ, ಮೈ ಜುಂ ಅಂತೈತಿ” ಎಂದ. ಅಂದಿನಿಂದ ಅವನು ನನಗೆ ನೀನು ಆದ. ಯಾವತ್ತೋ ಮಣ್ಣಾದವನನ್ನು ಬದುಕಿದವರ ಸಾಲಿಗೆ ಎಳೆದು ತಂದೆ. ನಿಮಗೆ ಆ ಉಪಕಾರ ಮಾಡುವ ಉದ್ದೇಶ ನನಗಿಲ್ಲ.

ನೀವು ಗುಳೇದಗುಡ್ಡ ಎನ್ನುವ ಊರು ಈಗ ಇಲ್ಲ. ಬಂಡೆ ಇದೆ. ಕೆಂಪು ಬಂಡೆಯ ಸೀಳುಗಳಲ್ಲಿ ನಾವು ಇರುತ್ತೇವೆ, ಜೇನು ಕಟ್ಟಿದ ಹಾಗೆ, ಒಬ್ಬರ ಮೇಲೊಬ್ಬರು. ನಸುಕಿನಲ್ಲಿ ಮತ್ತು ಹೊತ್ತು ಇಳಿದ ಮೇಲೆ ಹೊರಗೆ ಬರುತ್ತೇವೆ. ನಡುವಿನ ಹೊತ್ತಿಗೆ ಮೂಕಹೊತ್ತು ಎಂದು ಹೆಸರು. ಆಗ ಯಾರೂ ಹೊರಗೆ ಕಾಲಿಡುವುದಿಲ್ಲ, ಜೋರಾಗಿ ಮಾತಾಡುವುದೂ ಇಲ್ಲ, ಬಿಸಿಲು ಕೇಳಿಸಿಕೊಂಡು ಒಳಗೆ ಬರುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತೇವೆ. ಬಂಡೆಯಿಂದ ಬಂಡೆಗೆ ದೊಡ್ಡ ನೆಳಲುಹಾಸುಗಳನ್ನು ಕಟ್ಟಿ, ಅವುಗಳ ಕೆಳಗೆ ಸಜ್ಜೆ ಬೆಳೆಯುತ್ತೇವೆ. ಗಾಳಿಗೆ ಹಾಸು ಹರಿದರೆ ಬೆಳೆ ಒಂದೇ ಮಧ್ಯಾಹ್ನದಲ್ಲಿ ಸುಟ್ಟುಹೋಗುತ್ತದೆ, ಹಾಗಾಗಿ ಹಾಸು ಹೊಲಿಯುವವರಿಗೆ ನಮ್ಮಲ್ಲಿ ನಿಮ್ಮ ಕಾಲದ ವೈದ್ಯರಿಗಿದ್ದ ಮರ್ಯಾದೆ. ನೀರು ಪಾಲಿನಲ್ಲಿ ಸಿಗುತ್ತದೆ. ದಿನಕ್ಕೆ ಒಬ್ಬರಿಗೆ ಒಂದು ಪಾಲು, ಕಲ್ಲಿನ ಬಟ್ಟಲಿನಲ್ಲಿ, ಎಲ್ಲರ ಎದುರು. ಹೆಚ್ಚು ಕುಡಿದವರನ್ನು ಯಾರೂ ಬೈಯುವುದಿಲ್ಲ, ನೋಡುತ್ತಾರೆ ಅಷ್ಟೆ.

ಇಷ್ಟು ಕಷ್ಟದಲ್ಲಿ ಬದುಕುಳಿಯುವಾಗ ಜನ ಬಹಳಷ್ಟನ್ನು ಕೈಬಿಟ್ಟರು. ಮೊಸರಿಗೆ ಹೆಪ್ಪು ಹಾಕುವುದು ಹೇಗೆ, ಕೂಸನ್ನು ಮಲಗಿಸುವ ಹಾಡಿನ ಧಾಟಿ ಯಾವುದು, ಹೊಸಿಲಿಗೆ ನೀರು ಹಾಕುತ್ತಿದ್ದದ್ದು ಯಾಕೆ, ಯಾರಿಗೂ ನೆನಪಿಲ್ಲ. ಅದನ್ನೆಲ್ಲ ಕೇಳಿ ತಿಳಿಯಲು ಕೇಳುಮನೆ ಇದೆ. ಅಲ್ಲಿನ ಯಂತ್ರದ ಒಳಗುಟ್ಟು ನನಗೆ ತಿಳಿಯದು. ನಾನು ಬರೆದದ್ದು ನಿಮ್ಮ ಕಾಲದ ಒಬ್ಬರ ಫೋನಿಗೆ ಹೋಗುತ್ತದೆ, ಅವರು ಆಡಿದ್ದು ನನ್ನ ಕಿವಿಗೆ ಬರುತ್ತದೆ. ನನ್ನ ಒಂದು ದಿನಕ್ಕೆ ಅವರ ಒಂದು ದಿನ. ನನಗೆ ಖಣದ ಬಗ್ಗೆ, ನಿಮ್ಮೂರಿನ ಕುಪ್ಪಸದ ಬಟ್ಟೆಯ ಬಗ್ಗೆ, ಕೇಳುವ ಕೆಲಸ ಕೊಟ್ಟರು: ಅಂಚು ಯಾವುದು, ಒಡಲು ಯಾವುದು, ಯಾವ ಬಣ್ಣವನ್ನು ಯಾರು ತೊಡುತ್ತಿದ್ದರು. ಯಂತ್ರ ಹುಡುಕಿಕೊಟ್ಟದ್ದು ನಿಮ್ಮ ಬಜಾರಿನ ಖಣದ ಅಂಗಡಿಯ ಹುಚ್ಚೇಶನನ್ನು. ಆಗ ಅವನಿಗೆ ಮದುವೆಯಾಗಿರಲಿಲ್ಲ. ನನ್ನ ಮೊದಲ ಮಾತಿಗೆ ಅವನು ಕೊಟ್ಟ ಉತ್ತರವನ್ನು ಕೇಳುಮನೆಯಲ್ಲಿ ಇಂದಿಗೂ ಹೊಸಬರಿಗೆ ಹೇಳಿ ನಗಿಸುತ್ತಾರೆ: “ಲಾಟರಿ ಹತ್ತೈತಿ ಅಂತ ಹೇಳಾಕ ಎರಡ ನೂರ ವರ್ಷ ಆಚಿಂದ ಬಂದೀರೇನ್ರೀ? ಇಲ್ಲೇ ಹುಬ್ಬಳ್ಳಿಯಿಂದ ಬಂದಿದ್ರ ನಂಬತಿದ್ದೆ.”

ಖಣದ ಬಗ್ಗೆ ಕೇಳುವುದು ಒಂದು ಬೇಸಿಗೆಯಲ್ಲಿ ಮುಗಿಯಿತು. ಆಮೇಲೂ ಕೇಳುತ್ತಿದ್ದೆ. ಮಳೆ ಬರುವ ಮುಂಚೆ ಮಣ್ಣಿನ ವಾಸನೆ ಹೇಗಿರುತ್ತದೆ ಎಂದು ಕೇಳಿದಾಗ, ಅವನು ಅಂಗಡಿ ಬಿಟ್ಟು ಹೊರಗೆ ಹೋಗಿ ನಿಂತು, ಮತ್ತೆ ಮತ್ತೆ ಉಸಿರೆಳೆದುಕೊಂಡ. ನಾನು ಆ ಉಸಿರನ್ನು ಕೇಳುತ್ತ ಕೂತಿದ್ದೆ. ಕೊನೆಗೆ, “ಹೇಳಾಕ ಬರವಲ್ದು, ತಂಪವ್ವಾ. ನೀ ಇಲ್ಲೇ ಇದ್ದಿದ್ರ ಹೇಳೋ ತ್ರಾಸ ಇರತಿದ್ದಿಲ್ಲ” ಎಂದ. ಇಂಥ ಮಾತನ್ನು ನಿಮಗೆ ಅವನು ಎಂದಾದರೂ ಹೇಳಿದ್ದಾನೆಯೇ ಎಂದು ಕೇಳುವುದಿಲ್ಲ. ಪಕ್ಕದಲ್ಲೇ ಇರುವವರಿಗೆ ಇಂಥ ಮಾತು ಬೇಕಾಗುವುದಿಲ್ಲ.

ಹಿಂದಿನವರೊಡನೆ ಕಟ್ಟಿಕೊಳ್ಳುವ ನಂಟಿಗೆ ನಮ್ಮಲ್ಲಿ ಹಿನ್ನಂಟು ಎನ್ನುತ್ತಾರೆ. ಇದು ಗುಟ್ಟಿನ ವ್ಯವಹಾರವಲ್ಲ. ಊರಿನವರ ಎದುರು ಹೇಳಿ, ಒಪ್ಪಿಸಿ, ಮದುವೆಯೆಂದೇ ನಡೆಸಿಕೊಂಡು ಬರುವಂಥದ್ದು. ಒಪ್ಪಿದ ಮೇಲೆ ಆ ಮನೆಗೆ ಎರಡು ಪಾಲು ನೀರು. ಒಂದು ಇದ್ದವರದು, ಒಂದು ಇಲ್ಲದವರದು. ಇಲ್ಲದವರ ಪಾಲನ್ನು ಇದ್ದವರು ಕುಡಿಯುವಂತಿಲ್ಲ. ನಸುಕಿನಲ್ಲಿ ಎಲ್ಲರೂ ನೋಡುವಂತೆ ಮಣ್ಣಿಗೆ ಸುರಿಯಬೇಕು. ಬಾಯಾರಿದ ಮಕ್ಕಳು ಸುತ್ತ ನಿಂತು ಆ ಒದ್ದೆ ಗುರುತು ಒಣಗುವವರೆಗೂ ನೋಡುತ್ತಾರೆ. ನಿಮಗೆ ಇದು ವ್ಯರ್ಥ ಅನಿಸಬಹುದು. ಆ ನೋಟವನ್ನು ದಿನಾ ತಡೆದುಕೊಳ್ಳಬಲ್ಲವರು ಮಾತ್ರ ನಂಟು ಕಟ್ಟಲಿ ಎಂಬುದೇ ಅದರ ಅರ್ಥ. ಮತ್ತೆ, ಹಿನ್ನಂಟು ಇರುವವರು ಬದುಕಿದವರ ಜೊತೆ ಮನೆ ಹೂಡುವಂತಿಲ್ಲ, ಮಕ್ಕಳನ್ನು ಹೆರುವಂತಿಲ್ಲ.

ಕರಿಬಸು ಎಂಬ ನೆಳಲುಹಾಸು ಹೊಲಿಯುವವನು ಇದ್ದ. ನನ್ನ ಸೀಳಿನ ಮೇಲಿನ ಹಾಸು ಹರಿಯದಿದ್ದರೂ ಹೊಲಿಯಲು ಬರುತ್ತಿದ್ದ. ನಾನು ಮೊದಲ ಸಲ ನೀರು ಸುರಿದ ನಸುಕಿನಲ್ಲಿ ಅವನು ಮಕ್ಕಳ ಹಿಂದೆ ನಿಂತಿದ್ದ. “ಇದ್ದವರ ಗಂಟಲು ಆರಾಕತ್ತೈತಿ, ನೀ ಇಲ್ಲದವನಿಗೆ ಸುರದಿ. ಹಂಗಾರ ನಾನೂ ಸತ್ತು ಬರಲೇನು?” ಎಂದ. ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಆಮೇಲೆ ಅವನು ಪೂರ್ವದ ಬಂಡೆಗಳ ಕಡೆ ಹೊರಟುಹೋದ. ಅಲ್ಲಿ ಅವನಿಗೆ ಇಬ್ಬರು ಹೆಣ್ಣುಮಕ್ಕಳು ಎಂದು ಕೇಳಿದ್ದೇನೆ.

ನಂಟಿಗೊಂದು ಗುರುತು ಬೇಕು. ಕೂತ ಎತ್ತಿನ ಹಾಗೆ ಕಾಣುವ ಬಂಡೆಯೊಂದು ಊರ ಹೊರಗೆ ಇದೆ. ನಿಮ್ಮ ಕಾಲದಲ್ಲೂ ಇತ್ತು, ಈಗಲೂ ಇದೆ. ವರ್ಷಕ್ಕೊಮ್ಮೆ ಅವನು ಅದರ ಬುಡದಲ್ಲಿ ಒಂದು ಗಡಿಗೆ ಹೂಳುವುದು, ನಾನು ಅಗೆದು ತೆಗೆಯುವುದು, ಹಿಂದಿನದರಿಂದ ಮೊಳ ದೂರದಲ್ಲಿ ಮುಂದಿನದು, ಸಾಲಾಗಿ. ಇಲ್ಲೊಂದು ಮಾತನ್ನು ನೀವು ಗಮನಿಸಬೇಕು. ಮಾತಿನಲ್ಲಿ ನಾವಿಬ್ಬರೂ ಜೊತೆಜೊತೆಗೆ ನಡೆಯುತ್ತಿದ್ದರೂ ಮಣ್ಣಿಗೆ ಆ ನಿಯಮವಿಲ್ಲ. ಅವನು ಮುಂದೆ ಎಂದೋ ಹೂಳಲಿರುವುದೆಲ್ಲ ನನ್ನ ಮಣ್ಣಿನಲ್ಲಿ ಆಗಲೇ ಇರುತ್ತದೆ. ಬೇಕೆಂದರೆ ಒಂದೇ ದಿನದಲ್ಲಿ ಇಡೀ ಸಾಲನ್ನು ಅಗೆದು, ಅವನು ನನ್ನನ್ನು ಎಷ್ಟು ವರ್ಷ ನೆನೆದ ಎಂದು ನೋಡಿಬಿಡಬಹುದು. ಇದಕ್ಕೆ ಮುಂದಗೆತ ಎನ್ನುತ್ತಾರೆ. ಹಾದರಕ್ಕೆ ಇರುವಷ್ಟೇ ಹೇಸಿಗೆ ನಮ್ಮಲ್ಲಿ ಅದಕ್ಕಿದೆ. ನಂಬಿಕೆ ಎಂದರೆ ಅಗೆಯದೆ ಇರುವುದು.

ಮೊದಲ ಗಡಿಗೆ ಯುಗಾದಿಯದು. ಬಾಯಿಗೆ ಬಟ್ಟೆ ತುರುಕಿ ಮೇಣ ಸುರಿದಿದ್ದ, ಅರ್ಧ ಮೇಣ ಹೊರಗೇ ಹರಿದಿತ್ತು. ಒಳಗೆ ಹಸಿರು ಒಡಲಿನ ಒಂದು ಖಣ, ಅದರಲ್ಲಿ ಸುತ್ತಿದ ಅಮೀನಗಡದ ಕರದಂಟು. ಕರದಂಟು ಕಲ್ಲಾಗಿತ್ತು. ಮೂಕಹೊತ್ತಿನಲ್ಲಿ ಒಬ್ಬಳೇ ಕೂತು ಅದನ್ನು ನೆಕ್ಕಿದೆ. ಏನೂ ರುಚಿ ಇರಲಿಲ್ಲ. ತುಂಬ ಸಿಹಿಯಿದೆ ಎಂದು ಅವನಿಗೆ ಬರೆದೆ.

ಮರುವರ್ಷ ಅವನು ದಿನ ಬದಲಿಸಿದ. “ಇನ್ ಮ್ಯಾಲಿಂದ ಪಂಚಮಿಗೆ ಇಡತೀನಿ, ಅವತ್ತ ಅಂಗಡಿ ಬಂದ್ ಇರತೈತಿ” ಎಂದ. ನನಗೆ ಯುಗಾದಿಯೂ ಒಂದೇ, ಪಂಚಮಿಯೂ ಒಂದೇ; ಎರಡೂ ನಾವು ಕಳೆದುಕೊಂಡ ಹಬ್ಬಗಳು. ಎರಡನೆಯ ಗಡಿಗೆಯಿಂದ ಮೇಣ ಅಂದವಾಗಿ ಕೂತಿತ್ತು. ಖಣದ ಮಡಿಕೆ ನೇರ. ಅದರೊಳಗೆ ಅಕ್ಕಿ, ಅರಿಷಿಣದ ಕೊಂಬು, ಉತ್ತತ್ತಿ, ಅಡಿಕೆ, ಎಲ್ಲ ಐದೈದು, ಮೇಲೊಂದು ಗಂಟು. ಹುಡುಗ ಕಲಿಯುತ್ತಿದ್ದಾನೆ ಎಂದುಕೊಂಡೆ. ನನಗಾಗಿ ಕಲಿಯುತ್ತಿದ್ದಾನೆ ಎಂದುಕೊಂಡೆ. ಪ್ರತಿ ಪಂಚಮಿಗೆ ಅವನ ದನಿ ಬರುತ್ತಿತ್ತು: “ಈಗಷ್ಟ ಹೂತು ಬಂದೆ ನೋಡು. ಮಣ್ಣ ಹಸಿ ಐತಿ, ಉಗುರನ್ಯಾಗ ಸಿಕ್ಕೊಂಡೈತಿ. ಬಂಡಿ ಮ್ಯಾಲೆ ಮಂಗ್ಯಾಗಳು ಸಾಲ ಹಿಡದು ಕುಂತಿದ್ವು, ಯಾವ್ದೋ ಹುಚ್ಚ ಬಂದಾನ ಅಂತ ಮಾತಾಡಿಕೊಂಡಿರಬೇಕು.” ಅವನ ಉಗುರಿನಲ್ಲಿದ್ದ ಆ ಹಸಿ ಮಣ್ಣೇ ನನ್ನ ಮದುವೆ. ಬೇರೇನೂ ನನ್ನ ಬಳಿ ಇರಲಿಲ್ಲ.

ನಾಲ್ಕನೆಯ ಖಣದ ಒಂದು ಅಂಚಿನಲ್ಲಿ ಕಪ್ಪು ಎಣ್ಣೆಯ ಕಲೆ ಇತ್ತು, ಅರ್ಧ ಚಂದ್ರನ ಹಾಗೆ. ಮಗ್ಗದ ಎಣ್ಣೆ ಇರಬೇಕು. ಅದರ ಮೇಲೂ ನನಗೆ ಪ್ರೀತಿ ಬಂದಿತ್ತು, ಅವನ ಊರಿನ ಯಾವುದೋ ಮಗ್ಗದ ಬೆವರು ಎಂದು. ಐದನೆಯ ಖಣವನ್ನು ತೆಗೆದು ಗಾಳಿಗೆ ಹರಡಿದಾಗ ಅದರ ಅಂಚಿನಲ್ಲೂ ಅರ್ಧ ಚಂದ್ರ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಕಲೆ ದುಂಡಗಾಯಿತು. ಒಂದು ಎಳೆಯೂ ಆಚೀಚೆ ಆಗದೆ ಕೂಡಿಕೊಂಡಿತು. ಒಂದೇ ಥಾನಿನ ಬಟ್ಟೆ, ಒಂದೇ ಕತ್ತರಿ. ಅಂಗಡಿಯವನು, ಒಂದು ಥಾನನ್ನು ನನಗಾಗಿ ತೆಗೆದಿಟ್ಟು ವರ್ಷಕ್ಕೊಂದು ತುಂಡು ಕತ್ತರಿಸುತ್ತಿರಬಹುದು ಎಂದು ಒಂದು ಹೊತ್ತು ನನ್ನನ್ನು ನಾನೇ ಸಮಾಧಾನ ಮಾಡಿದೆ. ಆದರೆ ವರ್ಷದ ಅಂತರದಲ್ಲಿ ಕತ್ತರಿಸಿದ ಬಟ್ಟೆಯ ಬಣ್ಣ ಬೇರೆಯಾಗುತ್ತದೆ, ಮಡಿಕೆಯ ಗೆರೆ ಬೇರೆಯಾಗುತ್ತದೆ. ಇದನ್ನು ನನಗೆ ಕಲಿಸಿದವನು ಅವನೇ.

ಹಾರೆ ತೆಗೆದುಕೊಂಡು ಬಂಡೆಯ ಬುಡಕ್ಕೆ ಹೋಗಿ ಮುಂದಗೆತ ಮಾಡಿದೆ. ಮರೆಯಲ್ಲಿ ಅಲ್ಲ, ನಸುಕಿನಲ್ಲಿ, ಪಾಲಿಗೆ ಬಂದವರೆಲ್ಲ ನೋಡುತ್ತಿರುವಾಗ. ಗಡಿಗೆಯ ಹಿಂದೆ ಗಡಿಗೆ. ಅದೇ ಮೇಣ, ಅದೇ ಅಕ್ಕಿ, ಅದೇ ಗಂಟು. ಮುಂದಿನ ವರ್ಷದ್ದು, ಅದರ ಮುಂದಿನದು, ನಾನು ಮುದುಕಿಯಾದ ಮೇಲೆ ಅಗೆಯಬೇಕಾದದ್ದು. ಕೊನೆಯ ಗಡಿಗೆಯಲ್ಲಿ ಥಾನಿನ ತುದಿ ಇತ್ತು, ಎಳೆಗಳು ಬಿಚ್ಚಿದ್ದವು. ಎಲ್ಲ ತುಂಡುಗಳನ್ನೂ ಬಂಡೆಯ ಮೇಲೆ ಉದ್ದಕ್ಕೆ ಜೋಡಿಸಿದೆ. ಎಲ್ಲವನ್ನೂ ಒಂದೇ ದಿನ ಕತ್ತರಿಸಿ, ಕಟ್ಟಿ, ಹೂತದ್ದು. ನನ್ನ ಇಡೀ ಬಾಳ್ವೆ ಒಂದು ಮಧ್ಯಾಹ್ನದ ಕೆಲಸವಾಗಿತ್ತು.

ನನ್ನ ದೊಡ್ಡವ್ವ ಕೇಳುಮನೆಯಲ್ಲಿ ಹಳೆಯ ಹಬ್ಬಗಳ ಬಗ್ಗೆ ಕೇಳುತ್ತಿದ್ದವಳು. ಎಲ್ಲರೂ ಹೋದ ಮೇಲೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. “ಗಂಡಸಿನ ಕೈಯಾಗ ಗಂಟು ಹಿಂಗ ಕುಂದ್ರತೈತೇನ, ಹುಚ್ಚಿ? ಇದು ಉಡಿ. ಹೆಂಗಸು ಕಟ್ಟಿದ್ದು.”

ಯಾವ ಹೆಂಗಸು ಎಂದೆ.

“ಪಂಚಮಿಗೆ ಉಡಿ ತುಂಬತಾರಂದ್ರ ಯಾರಿಗೆ? ತವರಿಗೆ ಬಂದ ಹೆಣ್ಣಮಕ್ಕಳಿಗೆ. ನಾಕು ದಿನ ಜೋಕಾಲಿ ಆಡಿ ಗಂಡನ ಮನಿಗೆ ಹೊಂಟಾಗ ವೈನಿ, ಅಣ್ಣನ ಹೇಂತಿ, ಖಣ ಕೊಟ್ಟು, ಉಡಿ ತುಂಬಿ, ಹೋಗಿ ಬಾರವ್ವ ಅಂತ ಕಳಸತಾಳ. ನಿನ್ನ ಅವನ ಹೇಂತಿ ಮಾಡಿಲ್ಲ, ತಂಪಿ. ಅವನ ತಂಗಿ ಮಾಡ್ಯಾರ. ಮಾಡಿ, ನಡಿ ನಿನ್ನ ಮನಿಗೆ ಅಂದಾರ.”

ನೀಲಾಂಬಿಕಾ ಅವರೇ, ಆಗ ನನಗೆ ನಿಮ್ಮ ದನಿ ನೆನಪಾಯಿತು. ಐದನೆಯ ಗಡಿಗೆಯ ಪಂಚಮಿಯಂದು ಅವನು ಮಂಗಗಳ ಕಥೆ ಹೇಳುತ್ತಿದ್ದಾಗ ಹಿಂದಿನಿಂದ ಒಂದು ಹೆಣ್ಣುದನಿ ಬಂದಿತ್ತು. “ರೀ, ಚಾ ಆರಾಕತ್ತೈತಿ. ಯಾರ ಕೂಡ ಅಷ್ಟ ಮಾತು?” ಅವನು, “ಗಿರಾಕಿ ಐತಿ, ಬಂದೆ” ಎಂದ. ದನಿ, “ಗಿರಾಕಿಗೆ ಮಂಗ್ಯಾನ ಕಥಿ ಹೇಳಿದ್ರ ಖಣ ಖರ್ಚ ಆಗತಾವೇನ್ರೀ?” ಎಂದಿತು. ಆಮೇಲೆ ನಗು. ಒಬ್ಬರದಲ್ಲ, ಇಬ್ಬರದು. ಅಂಗಡಿಯ ಪಕ್ಕದವರು ಯಾರೋ ಚಹಾ ತಂದಿದ್ದಾರೆ ಎಂದುಕೊಂಡಿದ್ದೆ. ಅಂದು ಅಂಗಡಿ ಬಂದ್ ಇರುತ್ತದೆ ಎಂದು ಅವನೇ ಹೇಳಿದ್ದ. ಅವನು ಆಗ ನಿಮ್ಮ ಅಡುಗೆಮನೆಯ ಹೊರಗೆ, ಮಣ್ಣು ತಾಗದ ಒಣ ಕೈಯಲ್ಲಿ ಫೋನು ಹಿಡಿದು, ಹಸಿ ಮಣ್ಣಿನ ಬಗ್ಗೆ ಹೇಳುತ್ತಿದ್ದ.

ನಿಮ್ಮನ್ನು ಮೆಚ್ಚದೆ ಇರಲಾರೆ. ಬೇರೆ ಹೆಂಗಸಾಗಿದ್ದರೆ ಫೋನು ಒಡೆಯುತ್ತಿದ್ದಳು, ತವರಿಗೆ ಹೋಗುತ್ತಿದ್ದಳು. ನೀವು ಮದುವೆಯಾದ ವರ್ಷವೇ ಅಂಗಡಿಯಿಂದ ಒಂದು ಥಾನು ತರಿಸಿ, ಚಾಪೆ ಹಾಸಿ ಕೂತು, ನನ್ನ ಮುಂದಿನ ವರ್ಷಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿದಿರಿ. ನನ್ನನ್ನು ಬೈಯಲಿಲ್ಲ. ನಾದಿನಿ ಮಾಡಿಕೊಂಡಿರಿ. ಇದಕ್ಕಿಂತ ಅಚ್ಚುಕಟ್ಟಾಗಿ ಒಬ್ಬಳನ್ನು ಮನೆಯಿಂದ ಹೊರಗೆ ಹಾಕುವುದು ಸಾಧ್ಯವಿಲ್ಲ. ಆದರೆ ಅಲ್ಲಿ ನೀವು ಕಳಿಸಿಬಿಟ್ಟ ನಾದಿನಿ ಇಲ್ಲಿ ಹೆಂಡತಿಯಾಗಿ ದಿನಾ ನಸುಕಿನಲ್ಲಿ ಒಂದು ಪಾಲು ನೀರನ್ನು ಸುರಿಯುತ್ತಿದ್ದಳು. ಆ ನೀರನ್ನು ಈಗ ಯಾರ ಗಂಟಲಿಗೂ ತಿರುಗಿ ಹಾಕಲು ಬರುವುದಿಲ್ಲ.

ದೊಡ್ಡವ್ವ ನನ್ನನ್ನು ಸಮಾಧಾನ ಮಾಡಲು ಒಂದು ದಾರಿ ಹುಡುಕಿದಳು. “ಜಡ್ಡ ಬಿದ್ದಿರಬೇಕು, ಪಾಪ. ಉಳಿಯಂಗಿಲ್ಲ ಅಂತ ಗೊತ್ತಾಗಿ, ನಿನಗ ಕಡಿಮಿ ಬೀಳಬಾರದು ಅಂತ ಒಮ್ಮೆಲೆ ಇಡಿಸ್ಯಾನ” ಎಂದಳು. ಎಷ್ಟು ಒಳ್ಳೆಯ ದಾರಿ ಅದು. ಸಾಯುವವನು ಬೇರೊಬ್ಬಳ ಕೈಯಿಂದಾದರೂ ನನ್ನ ವರ್ಷಗಳನ್ನು ತುಂಬಿಸಿಟ್ಟ. ಮೂರು ದಿನ ನಾನು ಆ ದಾರಿಯಲ್ಲೇ ಓಡಾಡಿದೆ. ಆಮೇಲೆ ಅವನು ಸತ್ತದ್ದಕ್ಕೆ ಏನಾದರೂ ಗುರುತು ಸಿಕ್ಕೀತೆಂದು ಕೇಳುಮನೆಯವರು ಹಳೆಯ ಊರಿನಿಂದ ಆಯ್ದು ತಂದ ಕಲ್ಲುಗಳನ್ನೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿತು. ನಾನು ಕೂತು ಅವನೊಡನೆ ಮಾತಾಡುತ್ತಿದ್ದ ಕಲ್ಲಿನ ಬೆಂಚಿನ ಬೆನ್ನಿಗೆ ಕೆತ್ತಿದ್ದರು. ಗೋಡೆಗೆ ತಾಗಿಕೊಂಡಿದ್ದರಿಂದ ಯಾರೂ ಓದಿರಲಿಲ್ಲ. ಶ್ರೀಮತಿ ನೀಲಾಂಬಿಕಾ ಮತ್ತು ಶ್ರೀ ಹುಚ್ಚೇಶ ಮಗ್ಗದ ದಂಪತಿಗಳ ಮದುವೆಯ ಐವತ್ತನೇ ವರ್ಷದ ನೆನಪಿಗಾಗಿ. ನಿಮ್ಮ ಹೆಸರು ನನಗೆ ಸಿಕ್ಕಿದ್ದು ಹೀಗೆ. ನಿಮಗೆ ಇನ್ನೂ ಆಗದ ಐವತ್ತು ವರ್ಷಗಳಿಗೆ ನನ್ನ ಅಭಿನಂದನೆ. ಅವನು ಆರೋಗ್ಯವಾಗಿ ಇರುತ್ತಾನೆ. ಚಿಂತೆ ಬೇಡ.

ಮರುದಿನ ನಸುಕಿನಲ್ಲಿ ಅವನ ಪಾಲನ್ನು ತೆಗೆದುಕೊಂಡು ಎಲ್ಲರ ಎದುರು ನಾನೇ ಕುಡಿದೆ. ಎಲ್ಲರೂ ನೋಡಿದರು. ಅದರೊಂದಿಗೆ ಹಿನ್ನಂಟು ಹರಿಯಿತು. ಬೆಂಚನ್ನು ನಾಲ್ಕು ಜನರಿಂದ ಎತ್ತಿಸಿ, ಕೊಳೆನೀರಿನ ಕಾಲುವೆಯ ಮೇಲೆ ಅಕ್ಷರ ಕೆಳಗಾಗುವಂತೆ ಹಾಕಿಸಿದೆ. ಈಗ ಅದರ ಮೇಲೆ ಜನ ಕಾಲು ತಿಕ್ಕಿಕೊಳ್ಳುತ್ತಾರೆ. ನಿಮ್ಮಿಬ್ಬರ ಹೆಸರು ಈ ಲೋಕದಲ್ಲಿ ಬೇರೆಲ್ಲೂ ಉಳಿದಿಲ್ಲ ಎಂದು ವಿಚಾರಿಸಿ ಖಚಿತ ಮಾಡಿಕೊಂಡಿದ್ದೇನೆ. ಖಣಗಳನ್ನು ನೆಳಲುಹಾಸಿಗೆ ತೇಪೆ ಹಾಕಲು ಕೊಟ್ಟೆ. ಗಟ್ಟಿ ಬಟ್ಟೆ, ನೀವು ಒಳ್ಳೆಯದನ್ನೇ ಆರಿಸಿದ್ದೀರಿ.

ಅವನಿಗೆ ನಾನು ಇದಾವುದನ್ನೂ ಹೇಳಿಲ್ಲ. ಅವನ ದನಿ ಇನ್ನೂ ಬರುತ್ತಲೇ ಇದೆ. ಮೊದಲು ತಮಾಷೆಯಾಗಿತ್ತು: “ಯಾಕ ತಂಪವ್ವಾ, ನಿಮ್ಮ ಕಾಲದಾಗ ರೇಂಜ್ ಹೋತೇನು?” ಆಮೇಲೆ ತಮಾಷೆ ಕಡಿಮೆಯಾಯಿತು. ಈಗ ಬರೀ ಹೆಸರು ಕರೆಯುತ್ತಾನೆ. ಹಿತ್ತಲಿನ ಕಡೆ ಹೋಗಿ ಕರೆಯುತ್ತಾನೆ ಎಂದು ಕಾಣುತ್ತದೆ, ಕೋಳಿಗಳ ಸದ್ದು ಕೇಳುತ್ತದೆ. ಅವನು ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ನಿಮಗೆ ಅನಿಸಿದ್ದರೆ, ಕಾರಣ ಇದು. ನಾನು ಕೇಳಿಸಿಕೊಳ್ಳುತ್ತೇನೆ, ಉತ್ತರ ಕೊಡುವುದಿಲ್ಲ. ಅದು ಅವನ ಪಾಲು.

ನಿಮ್ಮ ಪಾಲು ಬೇರೆ. ಮೋಸ ಹೋದವರಿಗೆ ಕೇಳುಮನೆ ಒಂದು ಓಲೆಯ ಹಕ್ಕು ಕೊಡುತ್ತದೆ: ಹಿಂದಿನ ಯಾರಿಗೆ ಬೇಕಾದರೂ ಬರೆಯಬಹುದು, ಒಮ್ಮೆ ಮಾತ್ರ. ನಾನು ಅದನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ. ನಿಮಗೆ ತಿಳಿಯದ ಒಂದು ಸಂಗತಿಯನ್ನು ತಿಳಿಸುವುದಕ್ಕಾಗಿ.

ಗಡಿಗೆಗಳ ಸಾಲು ಅಗೆದು ಮುಗಿದ ದಿನ, ಸಿಟ್ಟಿನಲ್ಲಿ, ಏನೂ ಇರಲಾರದ ಕಡೆಯೂ ಹಾರೆ ಹಾಕಿದೆ. ಕೊನೆಯ ಗಡಿಗೆಯಿಂದ ಬಹಳ ಆಚೆ, ಬಂಡೆ ಪಡುವಣಕ್ಕೆ ತಿರುಗಿ ನೆರಳು ಮುಗಿಯುವಲ್ಲಿ, ಹಾರೆ ಖಣ್ ಎಂದಿತು. ಮಣ್ಣು ಸರಿಸಿದೆ. ಗಡಿಗೆಯಲ್ಲ. ಸ್ಟೀಲಿನ ಬುತ್ತಿ ಡಬ್ಬಿ, ಮುಚ್ಚಳ ಬಿಚ್ಚದಂತೆ ತಂತಿಯಿಂದ ಅಡ್ಡಾದಿಡ್ಡಿ ಸುತ್ತಿದ್ದು, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸುತ್ತು, ಗಂಟು ಹಾಕಲು ಬಾರದವರು ಸುತ್ತುವ ಹಾಗೆ. ಅದು ನೀವು ಇಟ್ಟದ್ದಲ್ಲ. ನಿಮ್ಮ ಗಂಟು ನನಗೀಗ ಚೆನ್ನಾಗಿ ಗೊತ್ತು. ಅದನ್ನು ಯಾವ ವರ್ಷ ಹೂತರು ಎಂದು ಮಣ್ಣು ಹೇಳುವುದಿಲ್ಲ. ಈ ಪತ್ರ ಓದಿದ ವಾರವೇ ಇರಬಹುದು, ಬೆಂಚು ಮಾಡಿಸಿದ ಮೇಲೂ ಇರಬಹುದು.

ನೀವು ಅವನನ್ನು ತಡೆಯಲಾರಿರಿ, ಏಕೆಂದರೆ ಡಬ್ಬಿ ಈಗಾಗಲೇ ಇಲ್ಲಿದೆ. ನೀವು ಅವನನ್ನು ಕೇಳುತ್ತೀರಿ. ಅವನು, ಏನೂ ಗೊತ್ತಿಲ್ಲ, ಯಾವ ಡಬ್ಬಿ, ಎನ್ನುತ್ತಾನೆ. ಅದು ನಿಜವೇ ಆಗಿರುತ್ತದೆ, ಅವನು ಇನ್ನೂ ಹೂತಿರುವುದಿಲ್ಲ. ನೀವು ನಂಬುವುದಿಲ್ಲ. ಇನ್ನು ಮೇಲೆ ಅವನು ಚಪ್ಪಲಿ ಮೆಟ್ಟಿಕೊಂಡಾಗಲೆಲ್ಲ ಯಾವ ದಾರಿ ಹಿಡಿದ ಎಂದು ಬಾಗಿಲಿಗೆ ಬಂದು ನೋಡುತ್ತೀರಿ. ಅಡುಗೆಮನೆಯ ಡಬ್ಬಿಗಳಲ್ಲಿ ಯಾವುದು ಕಾಣುತ್ತಿಲ್ಲ ಎಂದು ನೋಡುತ್ತೀರಿ. ಮಕ್ಕಳಾಗುತ್ತವೆ, ಅವುಗಳ ಮದುವೆಯಾಗುತ್ತದೆ, ಆಗಲೂ ನೋಡುತ್ತೀರಿ. ಐವತ್ತನೇ ವರ್ಷದ ಊಟಕ್ಕೆ ಕೂತಾಗ, ಪಕ್ಕದಲ್ಲಿರುವ ಮುದುಕನ ಉಗುರುಗಳ ಕಡೆ ನಿಮ್ಮ ಕಣ್ಣು ಹೋಗುತ್ತದೆ. ನಿಮ್ಮ ಉಡಿಗೆ ನಾನು ತುಂಬಿದ್ದು ಇದು. ಹೋಗಿ ಬನ್ನಿ.

ಡಬ್ಬಿಯನ್ನು ನಾನು ತೆರೆದಿಲ್ಲ, ತೆರೆಯುವುದೂ ಇಲ್ಲ. ಒಳಗೆ ಇನ್ನೊಂದು ತುಂಡು ಬಟ್ಟೆ ಇದ್ದರೆ ನನ್ನನ್ನು ನೋಡಿ ನಾನೇ ನಗಬೇಕಾಗುತ್ತದೆ. ಬೇರೇನಾದರೂ ಇದ್ದರೆ ಈ ಓಲೆಯನ್ನು ಕಳಿಸಲು ಆಗುವುದಿಲ್ಲ, ಕಾಲುವೆಯ ಕಲ್ಲನ್ನು ಮಗುಚಬೇಕಾಗುತ್ತದೆ, ಕುಡಿದ ನೀರಿಗೆ ಲೆಕ್ಕ ಕೊಡಬೇಕಾಗುತ್ತದೆ. ಸಿಟ್ಟೊಂದೇ ನನಗೆ ಉಳಿದಿರುವ ಆಸ್ತಿ, ಅದನ್ನು ಒಂದು ಬುತ್ತಿ ಡಬ್ಬಿಗೆ ಬಿಟ್ಟುಕೊಡಲಾರೆ. ಮಣ್ಣು ಮುಚ್ಚಿ ಬಂದಿದ್ದೇನೆ. ಆದರೂ ಆ ಕಡೆಯ ನೆಲದಲ್ಲಿ ನೆರಳಿಲ್ಲ, ದಾರಿಯೆಲ್ಲ ಕಲ್ಲು, ಬೇರೆ ಯಾರಾದರೂ ಆಗಿದ್ದರೆ ಸುಲಭದ ಜಾಗ ನೋಡಿಕೊಳ್ಳುತ್ತಿದ್ದರು. ಹುಚ್ಚೇಶ, ಅಷ್ಟು ದೂರ ಒಬ್ಬನೇ ನಡೆದು ಬಂದಾಗ ನಿನಗೆ ವಯಸ್ಸೆಷ್ಟಾಗಿತ್ತು?